ಪದಚರ್ಚೆ: ‘ಹೊಂದಾಣಿಕೆ’ಯಲ್ಲಿ ಹೊಂದಿಕೊಳ್ಳುವವರು ಯಾರು?

ಬಲ್ಲವರಲ್ಲಿ ಒಂದು ಕೇಳಿಕೆ. ಪದವಿ ತರಗತಿಗೆ ಸೇರುವ ಅಂಗವಿಕಲ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಪಾಠ ಶುರುವಾಗುವ ಮೊದಲೇ ಯಾರನ್ನು ಕಾಣಬೇಕು, ಯಾವ ದಾಖಲೆ ಒಯ್ಯಬೇಕು, ಏನೇನು ಕೇಳಬಹುದು ಎಂಬುದು ಅದರ ವಿಷಯ. ಯುಡಿಐಡಿ ಕಾರ್ಡು (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ), ವೈದ್ಯಕೀಯ ಪ್ರಮಾಣಪತ್ರ ಮುಂತಾದವುಗಳಿಗೆ ಪದದ ತೊಡಕಿಲ್ಲ. ತೊಡಕಿರುವುದು ‘ರೀಸನಬಲ್ ಅಕಾಮೊಡೇಶನ್’ ಎಂಬುದಕ್ಕೆ.

ಯಂತ್ರಾನುವಾದ ಇದನ್ನು ‘ಸಮಂಜಸವಾದ ವಸತಿ’ ಮಾಡಿಬಿಡುತ್ತದೆ. ಓದಿದ ಹುಡುಗಿ ಹಾಸ್ಟೆಲಿನ ಅರ್ಜಿ ಹಿಡಿದು ಹೊರಟರೆ ತಪ್ಪು ಅವಳದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದರ ಅರ್ಥ ಸ್ಪಷ್ಟವಾಗಿದೆ: ಅಂಗವಿಕಲರು ಉಳಿದವರಿಗೆ ಸರಿಸಮನಾಗಿ ಹಕ್ಕುಗಳನ್ನು ಅನುಭವಿಸಲು ಬೇಕಾದ, ಆದರೆ ಮಿತಿಮೀರಿದ ಹೊರೆಯಾಗದ ಮಾರ್ಪಾಡು. ಇದನ್ನು ನಿರಾಕರಿಸುವುದು ತಾರತಮ್ಯ ಎಂದೂ ಅದೇ ಕಾಯ್ದೆ ಹೇಳುತ್ತದೆ. ಹೀಗಿರುವಾಗ ನಮ್ಮ ಸುತ್ತೋಲೆಗಳಲ್ಲಿ ಓಡಾಡುವ ‘ರಿಯಾಯಿತಿ’, ‘ವಿನಾಯಿತಿ’, ‘ಸವಲತ್ತು’ ಯಾವುವೂ ನನಗೆ ಒಪ್ಪಿಗೆಯಿಲ್ಲ. ಇವು ಕೊಡುವವನ ದೊಡ್ಡತನವನ್ನು ಸೂಚಿಸುತ್ತವೆಯೇ ಹೊರತು ಕೇಳುವವಳ ಹಕ್ಕನ್ನಲ್ಲ.

‘ಸಮಂಜಸ ಹೊಂದಾಣಿಕೆ’ ಎಂದು ಕೆಲವರು ಬರೆಯುತ್ತಾರೆ. ನನ್ನ ಅಳುಕು ಇಲ್ಲಿದೆ. ಕನ್ನಡದಲ್ಲಿ ಹೊಂದಿಕೊಂಡು ಹೋಗು ಎನ್ನುವ ಮಾತನ್ನು ಸಾಮಾನ್ಯವಾಗಿ ಸೊಸೆಗೆ, ಹೊಸಬರಿಗೆ, ಬಲವಿಲ್ಲದವರಿಗೆ ಹೇಳುತ್ತೇವೆ. ಇಲ್ಲಿ ಹೊಂದಿಕೊಳ್ಳಬೇಕಾದುದು ವಿಶ್ವವಿದ್ಯಾಲಯ. ಗಾಲಿಕುರ್ಚಿಯ ವಿದ್ಯಾರ್ಥಿ ಇದ್ದರೆ ತರಗತಿಯೇ ನೆಲಮಹಡಿಗೆ ಬರಬೇಕು. ಕಿವುಡ ವಿದ್ಯಾರ್ಥಿಗೆ ಸಂಜ್ಞಾಭಾಷೆಯ ದುಭಾಷಿ ಮೊದಲ ದಿನದಿಂದಲೇ ಇರಬೇಕು. ಕಣ್ಣು ಕಾಣದ ವಿದ್ಯಾರ್ಥಿಗೆ ಕೊಡುವ ಟಿಪ್ಪಣಿ, ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರಸಂಕೇತವಾದ ಯೂನಿಕೋಡ್‌ನಲ್ಲಿರಬೇಕು; ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಸ್ಕ್ರೀನ್ ರೀಡರ್ (ತೆರೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶ) ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಓದುತ್ತದೆ. (ಕನ್ನಡ ವಿಭಾಗಗಳೇ ಇದನ್ನು ಮೊದಲು ಸರಿಪಡಿಸಲಿ ಎಂಬುದು ನನ್ನ ಆಸೆ.) ಇವನ್ನೆಲ್ಲ ಒಳಗೊಳ್ಳಲು ‘ಯುಕ್ತ ಮಾರ್ಪಾಡು’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ‘ಮಾರ್ಪಾಡು’ ಅಂದಾಗ ಬದಲಾಗುವುದು ವ್ಯವಸ್ಥೆ ಎಂಬುದು ತಟ್ಟನೆ ತಿಳಿಯುತ್ತದೆ. ಆದರೆ ‘ಯುಕ್ತ’ ಹದಿನೆಂಟರ ಹುಡುಗರಿಗೆ ಕಠಿಣವಾಯಿತೇ? ‘ತಕ್ಕ ಮಾರ್ಪಾಡು’ ಸಾಕೇ?

ಎರಡನೆಯದು ಪರೀಕ್ಷೆಯ ಸಮಯದ್ದು. ಕೇಂದ್ರ ಸರ್ಕಾರದ 2013ರ ಮಾರ್ಗಸೂಚಿ ‘ಎಕ್ಸ್‌ಟ್ರಾ ಟೈಮ್’ ಎಂಬ ಮಾತನ್ನು ಕೈಬಿಟ್ಟು ‘ಕಾಂಪೆನ್ಸೇಟರಿ ಟೈಮ್’ ಎನ್ನಬೇಕೆಂದು ಹೇಳಿತು. ಉತ್ತರ ಹೇಳಿ ಬೇರೊಬ್ಬರಿಂದ ಬರೆಸುವವರಿಗೆ ಅದು ಗಂಟೆಗೆ 20 ನಿಮಿಷಕ್ಕಿಂತ ಕಡಿಮೆಯಾಗಬಾರದು ಎಂದೂ ಹೇಳಿತು. ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಆ ಬದಲಾವಣೆ ನನಗೆ ಬಹಳ ಹಿಡಿಸಿತು. ಬೇರೊಬ್ಬರಿಗೆ ಹೇಳಿ ಬರೆಸುವಾಗ ಕಳೆದುಹೋಗುವ ಹೊತ್ತನ್ನು ತುಂಬಿಕೊಡುವುದು ಅದರ ಉದ್ದೇಶ, ಹೆಚ್ಚಿಗೆ ಕೊಡುವುದಲ್ಲ. ನಾವು ಇನ್ನೂ ‘ಹೆಚ್ಚುವರಿ ಸಮಯ’ ಎನ್ನುತ್ತಿದ್ದೇವೆ. ‘ಪರಿಹಾರ ಸಮಯ’ ಎಂದರೆ ಬರ ಪರಿಹಾರ, ಬೆಳೆ ಪರಿಹಾರ ನೆನಪಾಗುತ್ತವೆ. ‘ಸರಿದೂಗಿಕೆಯ ಸಮಯ’ ಎಂದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

ಕೊನೆಯದಾಗಿ ಡಿಸ್ಲೆಕ್ಸಿಯಾ (ಬುದ್ಧಿಗೆ ಕೊರತೆಯಿಲ್ಲದಿದ್ದರೂ ಓದು, ಕಾಗುಣಿತ ಕಷ್ಟವಾಗುವುದು) ಮುಂತಾದವು. 2016ರ ಕಾಯ್ದೆಯ 21 ಬಗೆಗಳಲ್ಲಿ ಇವೂ ಸೇರಿವೆ. ‘ಕಲಿಕಾ ಅಸಮರ್ಥತೆ’ ಎಂಬ ಪದವನ್ನು ನಾನು ಬಳಸಲಾರೆ. ಪದವಿಯವರೆಗೆ ಕಲಿತು ಬಂದವರನ್ನು ಕಲಿಯಲು ಅಸಮರ್ಥರು ಎನ್ನುವುದು ಸುಳ್ಳು. ‘ಕಲಿಕಾ ನ್ಯೂನತೆ’ ಮುದ್ರಣದಲ್ಲಿ ರೂಢಿಯಲ್ಲಿದೆ, ಅದೂ ಕುಂದನ್ನೇ ಹೇಳುತ್ತದೆ. ‘ಕಲಿಕೆಯ ತೊಡಕು’ ಎಂದರೆ ಕಾನೂನಿನ ಬಿಗಿ ಸಡಿಲವಾಗಿ, ಕಚೇರಿಯಲ್ಲಿ ಅರ್ಜಿ ಬದಿಗೆ ಬೀಳುವ ಭಯವಿದೆ. ಇಂಥ ವಿದ್ಯಾರ್ಥಿಗಳೊಡನೆ ಕೆಲಸ ಮಾಡಿದವರು, ಅದಕ್ಕಿಂತ ಮುಖ್ಯವಾಗಿ ಸ್ವತಃ ಇದನ್ನು ಬಲ್ಲವರು, ತಮ್ಮ ಬಗ್ಗೆ ಹೇಳಿಕೊಳ್ಳುವಾಗ ಯಾವ ಪದ ಬಳಸುತ್ತಾರೆ ಎಂದು ದಯವಿಟ್ಟು ತಿಳಿಸಿ. ಅದನ್ನೇ ಕೈಪಿಡಿಯಲ್ಲಿಟ್ಟು, ಕಾಯ್ದೆಯ ಪದವನ್ನು ಅರ್ಜಿಯ ಮಾದರಿಯಲ್ಲಿ ಮಾತ್ರ ಉಳಿಸುತ್ತೇನೆ.