ಪಂಚಾಯತಿ ಗ್ರಂಥಾಲಯದಲ್ಲಿ ಪುಕ್ಕಟೆ ಕಾರ್ಯಕ್ರಮ: ಮಳೆಗಾಲದಲ್ಲಿ ಏನು ನಡೆಯುತ್ತದೆ?

ಗಜನಿಗದ್ದೆ:
ಕುಮಟಾ ತಾಲೂಕಿನ ಹಳ್ಳಿಯೊಂದರ ಗ್ರಾಮ ಪಂಚಾಯತಿ ಗ್ರಂಥಾಲಯ, ಈಗಿನ ಹೆಸರಲ್ಲಿ ಅರಿವು ಕೇಂದ್ರ. ಒಂದೇ ಕೋಣೆ, ಸುಮಾರು 12 ಅಡಿಗೆ 18 ಅಡಿ. ಒಂದು ಉದ್ದ ಮೇಜು, ಒಂದು ಕಂಪ್ಯೂಟರ್. ಜೂನ್‌ನಿಂದ ರವಿವಾರ ಬೆಳಿಗ್ಗೆ ಮಕ್ಕಳಿಗೆ, ತಿಂಗಳಿಗೊಮ್ಮೆ ದೊಡ್ಡವರಿಗೆ ಏನಾದರೂ ಮಾಡುವ ಅಂತ. ಮೇಲ್ವಿಚಾರಕರು ಒಪ್ಪಿದ್ದಾರೆ. ಯಾರ ಹತ್ರವೂ ದುಡ್ಡು ತಗೊಳ್ಳೋದಿಲ್ಲ, ಖರ್ಚಿಗೂ ಹೆಚ್ಚೇನಿಲ್ಲ. ಯಾವುದು ನಿಲ್ಲತ್ತೆ, ಯಾವುದು ಎರಡು ವಾರಕ್ಕೆ ಮುಗಿಯತ್ತೆ? ಸಿನಿಮಾ ತೋರ್ಸಿ, ಪುಸ್ತಕ ದುರಸ್ತಿ ಕಲ್ಸಿ ಅಂತೆಲ್ಲ ಸಲಹೆ ಬರ್ತಿದೆ.

ಶಾಲ್ಮಲೆ:
ಮಕ್ಕಳಿಗೆ ಕಥೆ ಓದಿ ಹೇಳೋದರಿಂದ ಶುರು ಮಾಡಿ. ಖರ್ಚು ಕಡಿಮೆ, ಪುಸ್ತಕವೂ ಕಪಾಟಿನಿಂದ ಹೊರಗೆ ಬರತ್ತೆ. ನಿಮ್ಮ ಕೋಣೆಗೆ 15 ಮಕ್ಕಳು ಸಾಕು, ಅದಕ್ಕಿಂತ ಹೆಚ್ಚಾದರೆ ಹಿಂದಿನ ಸಾಲಿನವರಿಗೆ ಚಿತ್ರ ಕಾಣೋದಿಲ್ಲ. 6ರಿಂದ 9 ವರ್ಷದವರನ್ನೂ ಹೈಸ್ಕೂಲಿನವರನ್ನೂ ಒಟ್ಟಿಗೆ ಕೂರಿಸಬೇಡಿ. ದೊಡ್ಡವರು ನಗ್ತಾರೆ, ಸಣ್ಣವರು ಬಾಯಿ ಬಿಡೋದಿಲ್ಲ.

ಒಟ್ಟು 45 ನಿಮಿಷ. ಒಂದು ಕಥೆಗೆ ಹತ್ತು ನಿಮಿಷ, ಅದರ ಮೇಲೆ ಮಾತು, ಆಮೇಲೆ ಅದೇ ಕಥೆಯ ಒಂದು ಚಿತ್ರ ಬಿಡಿಸೋದು, ಕೊನೆಯ ಹತ್ತು ನಿಮಿಷ ಮಕ್ಕಳು ತಾವೇ ಪುಸ್ತಕ ಆರಿಸಿ ಮನೆಗೆ ಒಯ್ಯೋದು. ಈ ಕೊನೆಯ ಭಾಗ ಬಿಟ್ಟರೆ ಅದು ಟ್ಯೂಷನ್ ಆಗತ್ತೆ, ಗ್ರಂಥಾಲಯದ ಕೆಲಸ ಆಗೋದಿಲ್ಲ. 6ರಿಂದ 18 ವರ್ಷದವರಿಗೆ ಪಂಚಾಯತಿ ಗ್ರಂಥಾಲಯದ ಸದಸ್ಯತ್ವ ಉಚಿತ (2020ರ ‘ಓದುವ ಬೆಳಕು’), ಹಾಗಾಗಿ ಮೊದಲ ದಿನವೇ ಎಲ್ಲರ ಹೆಸರು ಬರೆಸಿಬಿಡಿ.

ಓದುವವರು ಕಿಟಕಿಗೆ ಬೆನ್ನು ಹಾಕಿ ಕೂರಬಾರದು. ಹಿಂದಿನ ಬೆಳಕಿಗೆ ಪುಟ ಕಪ್ಪಾಗಿ ಕಾಣತ್ತೆ, ಮಕ್ಕಳು ಎದ್ದೆದ್ದು ಮುಂದೆ ಬರ್ತಾರೆ. ಗೋಡೆಗೆ ಬೆನ್ನು ಕೊಟ್ಟು, ಪುಸ್ತಕವನ್ನು ಹೆಗಲ ಪಕ್ಕಕ್ಕೆ ಹಿಡಿದು, ಪುಟವನ್ನು ಕೆಳಗಿನ ಮೂಲೆಯಿಂದ ತಿರುಗಿಸಿ. ಆಗ ಕೈ ಚಿತ್ರಕ್ಕೆ ಅಡ್ಡ ಬರೋದಿಲ್ಲ.

ಚಿತ್ರಪುಸ್ತಕ ಕಡಿಮೆ ಇದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ನೋಡಿ. ಕನ್ನಡ ಕಥೆಗಳನ್ನು ಪುಕ್ಕಟೆ ಇಳಿಸಿಕೊಂಡು ಮುದ್ರಿಸಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರಿನ ಪುಟ ಮಾತ್ರ ತೆಗೆಯಬೇಡಿ, ಪರವಾನಗಿಯ ಷರತ್ತೇ ಅದು.

ಸಿನಿಮಾ ಬೇಡ. ಮನೇಲಿ ನೋಡೋಕೆ ಕೊಂಡ ಡಿಸ್ಕನ್ನೋ ಓಟಿಟಿ ಖಾತೆಯನ್ನೋ ಸಾರ್ವಜನಿಕರಿಗೆ ತೋರಿಸಬೇಕಾದರೆ ಹಕ್ಕುದಾರರ ಅನುಮತಿ ಬೇಕು, ಟಿಕೆಟ್ ಇಲ್ಲದಿದ್ದರೂ. ಬಹುಮಾನದ ಸ್ಪರ್ಧೆಯೂ ಬೇಡ ಅಂತಲೇ ನನ್ನ ಅಭಿಪ್ರಾಯ. ಗೆಲ್ಲುವ ಮೂರು ಮಕ್ಕಳು ಉಳೀತಾರೆ, ಉಳಿದವರು ಮುಂದಿನ ವಾರ ಬರೋದಿಲ್ಲ.

ಕಾಳಿಸೇತುವೆ:
ಮೇಲ್ವಿಚಾರಕರ ಬಾಯಿಮಾತಿನ ಮೇಲೆ ಹೋಗಬೇಡಿ, ಅವರಿಗೇ ತೊಂದರೆ ಆಗತ್ತೆ. ಅವರ ಮೂಲಕ ಪಿಡಿಓಗೆ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಒಂದು ಪುಟದ ಅರ್ಜಿ: ಯಾವ ವಾರ, ಎಷ್ಟು ಹೊತ್ತಿಗೆ, ಯಾವ ವಯಸ್ಸಿನವರು, ಬಾಗಿಲು ತೆರೆದು ಹಾಕುವವರು ಯಾರು, ಶುಲ್ಕ ಇಲ್ಲ, ಪಕ್ಷ-ಧರ್ಮದ ಪ್ರಚಾರ ಮತ್ತು ಮಾರಾಟ ಇಲ್ಲ. ಸ್ವೀಕೃತಿ ಸಹಿ ಹಾಕಿಸಿಕೊಂಡ ಪ್ರತಿ ನಿಮ್ಮ ಹತ್ರ ಇರಲಿ. ಚಾಪೆ, ಫ್ಯಾನ್, ದೀಪ ಕೇಳೋಕೆ ಸಂಕೋಚ ಬೇಡ. 1965ರ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆ ಶೇ. 6 ಗ್ರಂಥಾಲಯ ಕರವನ್ನು ನಮ್ಮಿಂದಲೇ ವಸೂಲಿ ಮಾಡ್ತಾರೆ. ಪುಕ್ಕಟೆ ಅಂದರೆ ಯಾರದೋ ದಾನ ಅಲ್ಲ.

ಸಂತೆ ದಿನ ತಪ್ಪಿಸಿ. ಕಾರವಾರದಲ್ಲಿ ಸಂತೆ ರವಿವಾರವೇ, ಅಲ್ಲಿ ಈ ಲೆಕ್ಕ ನಡೆಯೋದಿಲ್ಲ. ನಿಮ್ಮಲ್ಲಿ ಅಡ್ಡಿಲ್ಲ.

ಮಳೆಗೊಂದು ನಿಯಮ: ಹಿಂದಿನ ದಿನ ಶಾಲೆಗೆ ಮಳೆ ರಜೆ ಇದ್ದರೆ, ಅಥವಾ ರವಿವಾರಕ್ಕೆ ರೆಡ್ ಅಲರ್ಟ್ ಇದ್ದರೆ ಕಾರ್ಯಕ್ರಮ ಇಲ್ಲ. ಇದನ್ನು ಮೊದಲೇ ಬಾಗಿಲಿಗೆ ಬರೆದು ಅಂಟಿಸಿ, ಬೆಳಿಗ್ಗೆ ಎದ್ದು ಎಲ್ಲರಿಗೂ ಫೋನ್ ಮಾಡ್ತಾ ಕೂರೋದು ತಪ್ಪತ್ತೆ. ಜಮಖಾನೆ ಹಾಸಬೇಡಿ, ಒಮ್ಮೆ ಒದ್ದೆಯಾದರೆ ಆಗಸ್ಟ್ ಮುಗಿಯುವವರೆಗೂ ವಾಸನೆ. ಪ್ಲಾಸ್ಟಿಕ್ ಚಾಪೆ ಒರೆಸಿದರೆ ಆಯ್ತು. ಕೊಡೆಗೆ ಬಾಗಿಲ ಹೊರಗೆ ಎರಡು ಬಕೆಟ್. ಮಕ್ಕಳಿರುವಾಗ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು, ಒಬ್ಬರೇ ಇದ್ದರೆ ಆ ದಿನ ಬಿಡಿ.

ದೊಡ್ಡವರಿಗೆ ಕಂಪ್ಯೂಟರ್ ಸಹಾಯ ಇಡಬಹುದು: ಪಹಣಿ ನೋಡೋದು, ಡಿಜಿಲಾಕರ್. ಒಬ್ಬರಿಗೆ 20 ನಿಮಿಷ, ಹೆಸರು ಮೊದಲೇ ಬರೆಸಬೇಕು. ಕಲಿಸುವವರು ಅವರ ಫೋನ್ ಮುಟ್ಟಬಾರದು, ಓಟಿಪಿ ಕೇಳಬಾರದು, ಬ್ಯಾಂಕ್ ಕೆಲಸ ಬೇಡವೇ ಬೇಡ. ಬ್ರೌಸರ್ ಖಾಸಗಿ ವಿಂಡೋದಲ್ಲೇ ತೆರೆಯಿರಿ. ಇಲ್ಲದಿದ್ದರೆ ಪಾಸ್‌ವರ್ಡ್ ಉಳಿದು, ಮುಂದೆ ಕೂತವರಿಗೆ ಹಿಂದಿನವರ ಖಾತೆ ತೆರೆದುಕೊಳ್ಳತ್ತೆ.

ತದಡಿಬಂದರು:
ದೊಡ್ಡವರಿಗೆ ತಾಳಮದ್ದಲೆ ಇಡಿ ಮಾರಾಯ್ರೆ, ಕೂತಲ್ಲೇ ಹಾಡು-ಮಾತಿನಲ್ಲಿ ನಡೆಸೋ ಯಕ್ಷಗಾನ. ಮಳೆಗಾಲದಲ್ಲಿ ಮೇಳದ ತಿರುಗಾಟ ಇರೋದಿಲ್ಲ, ಕಲಾವಿದರು ಊರಲ್ಲೇ ಸಿಗ್ತಾರೆ. ವೇಷ, ರಂಗಸ್ಥಳ ಬೇಡ. ಭಾಗವತರು, ಮದ್ದಲೆ, ಪಾತ್ರಗಳ ಮಾತಾಡೋ ನಾಲ್ವರು ಅರ್ಥಧಾರಿಗಳು ಸಾಕು. ಅಷ್ಟು ಸಣ್ಣ ಕೋಣೆಯಲ್ಲಿ ಚಂಡೆ ಬಾರಿಸಿದರೆ ಅರ್ಥ ಕೇಳೋದಿಲ್ಲ, ಅದೊಂದು ಬಿಡಿ. ಇಡೀ ಪ್ರಸಂಗ ಹಿಡಿಯದೆ ಒಂದೇ ಸಂವಾದ ಆರಿಸಿ, ಎರಡು ಗಂಟೆಗೆ ಮುಗಿಸಿ. ಆ ಕಥೆಯ ಪ್ರಸಂಗ ಪುಸ್ತಕ, ಭಾರತ-ರಾಮಾಯಣದ ಆ ಭಾಗ ಮೇಜಿನ ಮೇಲೆ ಇರಲಿ, ಮುಗಿದ ಮೇಲೆ ಜನ ತಾವಾಗಿ ತಿರುವಿ ಹಾಕ್ತಾರೆ.

ಪುಸ್ತಕ ದುರಸ್ತಿ ಒಳ್ಳೆ ಯೋಚನೆಯೇ, ಆದರೆ ಫೆಬ್ರವರಿ-ಮಾರ್ಚ್‌ಗೆ ಇಡಿ. ಜುಲೈಯಲ್ಲಿ ಅಂಟು ಒಣಗೋದಿಲ್ಲ, ಒಣಗುವ ಮೊದಲೇ ಬೂಷ್ಟು ಹಿಡಿಯತ್ತೆ. ಒಂದು ಲೋಟ ಮೈದಾಕ್ಕೆ ಐದು ಲೋಟ ತಣ್ಣೀರು, ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಹೊಳಪು ಬರುವವರೆಗೆ ಕಾಯಿಸಿ. ಹಿಂದೆ ಹುಳ ಬಾರದಿರಲಿ ಅಂತ ಮೈಲುತುತ್ತ ಹಾಕ್ತಿದ್ದರು. ಅದು ವಿಷ, ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಬೇಕಾದಷ್ಟೇ ಮಾಡಿ, ಅವತ್ತೇ ಮುಗಿಸಿ. ತೆಳ್ಳಗೆ ಸವರಿ, ಪಕ್ಕದ ಪುಟಕ್ಕೆ ಅಂಟದಂತೆ ಪ್ಲಾಸ್ಟಿಕ್ ಹಾಳೆ ಇಟ್ಟು, ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡಿ. ಸೆಲ್ಲೋಟೇಪ್ ಮಾತ್ರ ಬೇಡ. ಅದರ ಗೋಂದು ಕಾಗದಕ್ಕೆ ಇಳಿದು ಹಳದಿಯಾಗತ್ತೆ, ಮುಂದೆ ಟೇಪ್ ಉದುರಿದರೂ ಕಲೆ ಹೋಗೋದಿಲ್ಲ.

ಗಜನಿಗದ್ದೆ:
ಅರ್ಜಿ ನಾಳೆಯೇ ಬರೀತೆ. ಈಗಾಗಲೇ ಬೂಷ್ಟು ಹಿಡಿದ ಪುಸ್ತಕ ಒಂದು ಕಪಾಟು ತುಂಬ ಇದೆ. ಅದಕ್ಕಾದರೂ ಮಾರ್ಚ್‌ವರೆಗೆ ಕಾಯಬೇಕಾ?

ತದಡಿಬಂದರು:
ಅದಕ್ಕೆ ಕಾಯಬೇಡಿ, ಉಳಿದ ಪುಸ್ತಕಕ್ಕೂ ಹಬ್ಬತ್ತೆ. ಮೊದಲು ಅವನ್ನು ಬೇರೆ ಇಡಿ. ಮಳೆ ಬಿಟ್ಟ ದಿನ ಹೊರಗೆ, ನೆರಳಲ್ಲಿ ಪುಟ ಬಿಚ್ಚಿ ನಿಲ್ಲಿಸಿ ಗಾಳಿ ಆಡಿಸಿ. ಪೂರ್ತಿ ಒಣಗಿದ ಮೇಲೆ ಮೆತ್ತನೆ ಒಣ ಬಟ್ಟೆಯಲ್ಲಿ ಒರೆಸಿ. ಹಸಿ ಇರುವಾಗ ಒರೆಸಿದರೆ ಬೂಷ್ಟು ಕಾಗದದೊಳಗೆ ಉಜ್ಜಿದ ಹಾಗೆ. ಮಾಸ್ಕ್ ಹಾಕ್ಕೊಳ್ಳಿ, ಮಕ್ಕಳಿಗೆ ಈ ಕೆಲಸ ಕೊಡಬೇಡಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದು, ಪುಸ್ತಕ ಸ್ವಲ್ಪ ಸಡಿಲ ಜೋಡಿಸಿ. ಗೋಡೆಯೇ ಸೋರ್ತಾ ಇದ್ದರೆ ಆ ಅರ್ಜಿಯಲ್ಲೇ ಒಂದು ಸಾಲು ಸೇರಿಸಿ.