ಪೈ ಅಂಕಿಗಳಲ್ಲಿ 314159 ಆದ ಮೇಲೆ ಮುಂದಿನ ಅವಿಭಾಜ್ಯ ಯಾವುದು?

ಪ್ರಶ್ನೆ: ಪೈನ ಅಂಕಿಗಳನ್ನು ಮೊದಲಿನಿಂದ ಕತ್ತರಿಸಿ ಯಾವುದು ಅವಿಭಾಜ್ಯ ಸಂಖ್ಯೆ ಅಂತ ಸುಮ್ನೆ ಹುಡುಕುತ್ತಿದ್ದೆ. 3, 31, 314159 ಸಿಕ್ಕಿತು. ಆಮೇಲೆ ಬರೋದೆಲ್ಲ ತಪ್ಪು. ಪೈಥಾನ್‌ನಲ್ಲಿ ಮ್ಯಾತ್ ಮಾಡ್ಯೂಲ್‌ನ ಪೈ ತಗೊಂಡು 10ರ ಘಾತದಿಂದ ಗುಣಿಸಿದ್ದೇನೆ, ಅಷ್ಟೇ.

ಉತ್ತರ: ಅಲ್ಲೇ ಎಡವಿದ್ದೀರಿ. ಆ ಪೈನಲ್ಲಿ ಸರಿ ಇರೋದು 16 ಅಂಕಿ ಮಾತ್ರ. 3.141592653589793 ಆದ ಮೇಲೆ 238 ಬರಬೇಕು, ನಿಮ್ಮಲ್ಲಿ ಬೇರೇನೋ ಬರುತ್ತಿರುತ್ತೆ, ನೋಡಿ. ಎಂಪಿಮ್ಯಾತ್ (ಬೇಕಾದಷ್ಟು ಅಂಕಿ ಕೊಡುವ ಪೈಥಾನ್ ಲೈಬ್ರರಿ) ಹಾಕಿಕೊಂಡು 50 ಅಂಕಿ ಕೇಳಿ, ಅಂಕಿಗಳನ್ನು ಸ್ಟ್ರಿಂಗ್ ಆಗಿ, ಅಂದರೆ ಅಕ್ಷರಗಳ ಸಾಲಾಗಿ, ಕತ್ತರಿಸಿ.

ಇನ್ನೊಬ್ಬರು: ಮುಂದಿನದು 38 ಅಂಕಿಯದ್ದು, 31415926535897932384626433832795028841. 6ರಿಂದ ಸೀದಾ 38ಕ್ಕೆ ಜಿಗಿತ! ಕೊನೆ ಅಂಕಿ 1, 3, 7, 9 ಇದ್ದರೆ ಮಾತ್ರ ಪರೀಕ್ಷಿಸಿ, ಅರ್ಧಕ್ಕಿಂತ ಜಾಸ್ತಿ ಕೆಲಸ ತಪ್ಪುತ್ತೆ.

ಕೇಳಿದವರು: ಬಂತು ಬಂತು! ಈಗ e (2.718... ಅನ್ನೋ ಸ್ಥಿರಾಂಕ) ಹಿಡಿದಿದ್ದೇನೆ, 2, 271 ಎರಡೂ ಅವಿಭಾಜ್ಯ.