ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ ಕೋಡಿಂಗ್ ಮಾಡಿದವರು ಸ್ವಲ್ಪ ದಾರಿ ತೋರಿಸಿ

ಕೇಳಿದವರು: ಇಲ್ಲಿಯವರೆಗೆ ಅಮೆರಿಕದ ಪೇನ್ ಕ್ಲಿನಿಕ್‌ಗಳಿಗೆ ಬರೀ ಇಂಜೆಕ್ಷನ್ ಚಾರ್ಟ್‌ಗಳನ್ನು ಕೋಡ್ ಮಾಡುತ್ತಿದ್ದೆ (ಅಂದರೆ ಬಿಲ್ಲಿಗಾಗಿ ಚಿಕಿತ್ಸೆಗೆ ಕೋಡ್ ನಂಬರ್ ಹಾಕುವುದು). ಈಗ ಸ್ಟಿಮ್ಯುಲೇಟರ್ (ನೋವು ತಗ್ಗಿಸಲು ಬೆನ್ನುಹುರಿಗೆ ಸಣ್ಣ ವಿದ್ಯುತ್ ಕೊಡುವ ಸಾಧನ) ಕೇಸುಗಳು ನನ್ನ ಪಾಲಿಗೆ ಬಂದಿವೆ. ಟ್ರಯಲ್‌ಗೂ (ಮೊದಲು ಕೆಲವು ದಿನ ಹಾಕಿ ನೋಡುವುದು) 63650, ಪರ್ಮನೆಂಟ್‌ಗೂ 63650. ಇದು ಸರಿನಾ? ಲೀಡ್ (ವಿದ್ಯುತ್ ಕೊಡುವ ತಂತಿ) ತೆಗೆದಾಗ ಯಾವ ಕೋಡ್ ಹಾಕಬೇಕು? ಡಿನೈಯಲ್ (ವಿಮೆಯವರು ಹಣ ನಿರಾಕರಿಸುವುದು) ಜಾಸ್ತಿ ಎಲ್ಲಿ ಬರುತ್ತದೆ?

ಪೇನ್ ಕೋಡರ್: ಸರಿಯೇ, ಗಾಬರಿ ಬೇಡ. ಸೂಜಿ ಮೂಲಕ ಎಪಿಡ್ಯುರಲ್ ಜಾಗಕ್ಕೆ (ಬೆನ್ನುಹುರಿಯ ಹೊದಿಕೆಯ ಹೊರಗಿನ ಜಾಗ) ಲೀಡ್ ಏರಿಸಿದರೆ 63650. ಆ ಲೀಡ್ ಒಂದು ವಾರ ಇರುತ್ತದೋ ವರ್ಷಗಟ್ಟಲೆ ಇರುತ್ತದೋ ಕೋಡ್‌ಗೆ ಸಂಬಂಧವಿಲ್ಲ. ಪರ್ಮನೆಂಟ್‌ನಲ್ಲಿ ಬ್ಯಾಟರಿ (ಜನರೇಟರ್) ಕೂರಿಸುತ್ತಾರಲ್ಲ, ಅದಕ್ಕೆ ಜೊತೆಗೆ 63685. 2024ರಿಂದ ಆ ಕೋಡ್‌ನ ವಿವರಣೆಯಲ್ಲೇ ಚರ್ಮದಡಿ ಪಾಕೆಟ್ ಮಾಡಿರಬೇಕು, ಲೀಡಿಗೂ ಜನರೇಟರಿಗೂ ಕನೆಕ್ಷನ್ ಕೊಟ್ಟಿರಬೇಕು ಅಂತ ಸೇರಿಸಿದ್ದಾರೆ. ಆಪರೇಟಿವ್ ನೋಟ್‌ನಲ್ಲಿ ಈ ಎರಡೂ ಕಾಣದಿದ್ದರೆ ಡಾಕ್ಟರಿಗೆ ಕ್ವೆರಿ ಕಳಿಸಿ. ಲ್ಯಾಮಿನೆಕ್ಟಮಿ (ಬೆನ್ನುಮೂಳೆಯ ಸ್ವಲ್ಪ ಭಾಗ ತೆಗೆಯುವ ಸರ್ಜರಿ) ಮಾಡಿ ಪ್ಯಾಡಲ್ (ಚಪ್ಪಟೆ ಲೀಡ್) ಇಟ್ಟಿದ್ದರೆ 63655. ಅದಕ್ಕೆ ಗ್ಲೋಬಲ್ ಪೀರಿಯಡ್ (ನಂತರದ ಆರೈಕೆಯೂ ಅದೇ ಬಿಲ್ಲಿನಲ್ಲಿ ಸೇರುವ ಅವಧಿ) 90 ದಿನ, 63650ಕ್ಕೆ 10 ದಿನ ಮಾತ್ರ.

ನನ್ನ ಒಂದೇ ಸಲಹೆ: ನೋಟ್‌ನ ತಲೆಬರಹ ನಂಬಬೇಡಿ. ಮೈಯೊಳಗೆ ಏನು ಹೋಯಿತು, ಏನು ಹೊರಗೆ ಬಂತು, ಕೊನೆಗೆ ಏನು ಉಳಿಯಿತು, ಇದನ್ನು ಹುಡುಕಿ. ಮೊನ್ನೆ ಒಂದು ನೋಟ್‌ನಲ್ಲಿ ಮೇಲೆ 'ಲೀಡ್ ರಿಮೂವಲ್ ಅಂಡ್ ನ್ಯೂ ಇಂಪ್ಲಾಂಟ್' ಅಂತಿತ್ತು. ಒಳಗೆ ಓದಿದರೆ, ಟಿ8 (ಎದೆಮಟ್ಟದ ಎಂಟನೇ ಬೆನ್ನುಮೂಳೆ) ಹತ್ತಿರ ಇದ್ದ ಎಡಗಡೆಯ ಪರ್ಮನೆಂಟ್ ಲೀಡ್ ಕೆಳಗೆ ಜಾರಿದೆ. ಅದನ್ನು ಎಳೆದು ತೆಗೆದು, 14 ಗೇಜ್ ಸೂಜಿಯಿಂದ ಅದೇ ಮಟ್ಟಕ್ಕೆ ಹೊಸ ಲೀಡ್ ಏರಿಸಿ, ಹಳೆಯ ಬ್ಯಾಟರಿಗೇ ಜೋಡಿಸಿದ್ದಾರೆ. ತಲೆಬರಹ ನೋಡಿದವರು 63661 (ಲೀಡ್ ತೆಗೆಯುವುದು) ಮತ್ತು 63650 ಹಾಕುತ್ತಾರೆ. ಆದರೆ ಇದು 63663, ಅಂದರೆ ಲೀಡ್ ರಿವಿಷನ್. ರಿವಿಷನ್ ಕೋಡ್‌ನಲ್ಲೇ ಹಳೆಯದರ ಬದಲು ಹೊಸದು ಹಾಕುವುದೂ ಸೇರಿದೆ, ಫ್ಲೋರೋಸ್ಕೋಪಿಯೂ (ಕೆಲಸದ ವೇಳೆ ಎಕ್ಸ್-ರೇಯಲ್ಲಿ ನೋಡುವುದು) ಸೇರಿದೆ. ಡಯಾಗ್ನೋಸಿಸ್ ಟಿ85.122ಎ, ಅಂದರೆ ಲೀಡ್ ಸ್ಥಾನ ತಪ್ಪಿದ್ದು.

ಆಡಿಟ್‌ನಲ್ಲಿರುವವರು: ಟ್ರಯಲ್ ಲೀಡ್ ತೆಗೆಯುವುದಕ್ಕೆ 63661 ಹಾಕಲೇಬೇಡಿ. ಹೊರಗಿನ ಜನರೇಟರ್‌ಗೆ ಹಾಕಿದ್ದ ತಾತ್ಕಾಲಿಕ ಲೀಡ್ ತೆಗೆದರೆ ಈ ಕೋಡ್ ಇಲ್ಲ ಅಂತ ಸಿಪಿಟಿ (ಈ ಚಿಕಿತ್ಸಾ ಕೋಡ್‌ಗಳ ಪಟ್ಟಿ) ಪುಸ್ತಕದಲ್ಲೇ ಬರೆದಿದೆ. ಕ್ಲಿನಿಕ್‌ನಲ್ಲಿ ಟೇಪ್ ಬಿಚ್ಚಿ ಎಳೆದುಬಿಡುತ್ತಾರೆ, ಅಷ್ಟೇ. ಪರ್ಮನೆಂಟ್ ಲೀಡ್ ತೆಗೆದರೆ ಮಾತ್ರ 63661, ಬ್ಯಾಟರಿ ತೆಗೆದರೆ 63688. ಹಳೇ ಬ್ಯಾಟರಿ ತೆಗೆದು ಹೊಸದು ಇಟ್ಟರೆ 63685 ಒಂದೇ, ಅದಕ್ಕೆ 63688 ಸೇರಿಸಬಾರದು.

ಬಿಲ್ಲಿಂಗ್ ಕಡೆಯವರು: ಎರಡು ಲೀಡ್ ಹಾಕಿದರೆ 63650 ಎರಡು ಸಲ. ಒಂದೊಂದರಲ್ಲಿ ಎಂಟು ಕಾಂಟ್ಯಾಕ್ಟ್ (ವಿದ್ಯುತ್ ಬಿಡುವ ಬಿಂದು) ಇದೆ ಅಂತ ಹದಿನಾರು ಯೂನಿಟ್ ಹಾಕಿದವರೂ ಇದ್ದಾರೆ, ನಗಬೇಡಿ! ಎರಡನೇ ಲೈನ್‌ಗೆ ನಾವು ಮಾಡಿಫೈಯರ್ (ಕೋಡ್ ಜೊತೆ ಸೇರಿಸುವ ಎರಡಂಕಿ ಗುರುತು) 59, ಅಂದರೆ ಇದು ಪ್ರತ್ಯೇಕ ಕೆಲಸ ಎಂಬುದನ್ನು, ಹಾಕುತ್ತೇವೆ.

ಪೇನ್ ಕೋಡರ್: ಇದನ್ನು ಎಲ್ಲರಿಗೂ ಅನ್ವಯಿಸಬೇಡಿ. ನಮ್ಮ ಕೆಲವು ಪೇಯರ್‌ಗಳು (ಹಣ ಕೊಡುವ ವಿಮೆಯವರು) 51 (ಒಂದಕ್ಕಿಂತ ಹೆಚ್ಚು ಚಿಕಿತ್ಸೆ) ಕೇಳುತ್ತವೆ. ಪಾಲಿಸಿ ನೋಡಿಯೇ ಹಾಕಿ. 50 (ಎರಡೂ ಬದಿ) ಮಾತ್ರ ಯಾರಿಗೂ ಬೇಡ, ಎಡ ಬಲ ಅನ್ನುವ ಲೆಕ್ಕ ಇಲ್ಲಿಲ್ಲ.

ಆಥರೈಸೇಶನ್ ನೋಡುವವರು: ಡಿನೈಯಲ್ ವಿಷಯಕ್ಕೆ ಬಂದರೆ, ಅರ್ಧ ಯುದ್ಧ ಕೋಡ್ ಹಾಕುವ ಮುಂಚೆಯೇ ಮುಗಿದಿರುತ್ತದೆ. ಮೆಡಿಕೇರ್‌ನ (ಅಮೆರಿಕದ ಸರ್ಕಾರಿ ವಿಮೆ) ಎನ್‌ಸಿಡಿ 160.7 (ಯಾವುದಕ್ಕೆ ಹಣ ಕೊಡುತ್ತಾರೆ ಎಂಬ ರಾಷ್ಟ್ರೀಯ ನಿಯಮ) ಪ್ರಕಾರ ಬೇರೆ ಚಿಕಿತ್ಸೆಗಳು ಫಲ ಕೊಟ್ಟಿರಬಾರದು, ದೈಹಿಕ ಮತ್ತು ಮಾನಸಿಕ ಮೌಲ್ಯಮಾಪನ ಆಗಿರಬೇಕು, ಟ್ರಯಲ್‌ನಲ್ಲಿ ನೋವು ಕಡಿಮೆಯಾದದ್ದು ತೋರಿಸಬೇಕು. ಸುಮ್ನೆ 'ರೋಗಿಗೆ ಹಾಯೆನಿಸಿತು' ಅಂತ ಬರೆದರೆ ಸಾಲದು. ಎಷ್ಟು ಶೇಕಡಾ, ನಡೆದಾಟದಲ್ಲಿ ನಿದ್ದೆಯಲ್ಲಿ ಏನು ವ್ಯತ್ಯಾಸ, ಎಲ್ಲಾ ಬೇಕು. 50% ಅನ್ನುವುದು ಸಾಮಾನ್ಯವಾಗಿ ಕೇಳುವ ಗಡಿ. ಇನ್ನೊಂದು, ಆಸ್ಪತ್ರೆ ಹೊರರೋಗಿ ವಿಭಾಗದಲ್ಲಿ ಮಾಡಿದರೆ 2021ರ ಜುಲೈ 1ರಿಂದ 63650ಕ್ಕೆ ಮೆಡಿಕೇರ್ ಪ್ರಯರ್ ಆಥರೈಸೇಶನ್ (ಮುಂಚಿತ ಅನುಮತಿ) ಬೇಕು. ಟ್ರಯಲ್, ಪರ್ಮನೆಂಟ್ ಎರಡೂ ಅಲ್ಲೇ ಆದರೆ ಟ್ರಯಲ್‌ಗೆ ಒಂದೇ ಸಲ ಕೇಳಿದರೆ ಸಾಕು. ಆದರೆ ಆಗ ಸಿಕ್ಕ ಟ್ರ್ಯಾಕಿಂಗ್ ನಂಬರನ್ನು ಪರ್ಮನೆಂಟ್ ಕ್ಲೈಮ್‌ನಲ್ಲೂ ಹಾಕಬೇಕು. ಇದು ಬಿಟ್ಟುಹೋಗುವುದೇ ಜಾಸ್ತಿ.

ಕೇಳಿದವರು: ಪ್ರೋಗ್ರಾಮಿಂಗ್ (ಸಾಧನದ ಸೆಟ್ಟಿಂಗ್ ಹೊಂದಿಸುವುದು) ಕೋಡ್ 95972 ಪ್ರತಿ ಕೇಸ್‌ಗೂ ಹಾಕಬಹುದಾ? ನೋಟ್‌ಗಳಲ್ಲೆಲ್ಲಾ ಆ ಸಾಲು ಇದೆ.

ಆಡಿಟ್‌ನಲ್ಲಿರುವವರು: ಆ ಸಾಲು ಟೆಂಪ್ಲೇಟ್‌ನಿಂದ ಬಂದಿರುತ್ತದೆ! ಟೇಬಲ್ ಮೇಲೆ ಲೀಡ್ ಸರಿ ಜಾಗದಲ್ಲಿದೆಯಾ ಅಂತ ಟೆಸ್ಟ್ ಸ್ಟಿಮ್ಯುಲೇಶನ್ ಕೊಡುವುದು ಇಂಪ್ಲಾಂಟ್‌ನಲ್ಲೇ ಸೇರಿದೆ. 95972 ಅಂದರೆ ಮೂರಕ್ಕಿಂತ ಹೆಚ್ಚು ಪ್ಯಾರಾಮೀಟರ್ ಬದಲಿಸಿದ್ದು, ಒಂದರಿಂದ ಮೂರಾದರೆ 95971. ಏನೇನು ಬದಲಿಸಿದರು ಅಂತ ಬರೆದಿರಬೇಕು. ಕಂಪನಿ ಪ್ರತಿನಿಧಿ ಬಂದು ಲ್ಯಾಪ್‌ಟಾಪ್‌ನಲ್ಲಿ ಮಾಡಿದ ಕೆಲಸಕ್ಕೆ ಡಾಕ್ಟರ್ ಹೆಸರಲ್ಲಿ ಬಿಲ್ ಮಾಡುವುದು ಬೇಡವೇ ಬೇಡ.

ಪೇನ್ ಕೋಡರ್: ಡಯಾಗ್ನೋಸಿಸ್ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ. ಬೆನ್ನಿನ ಸರ್ಜರಿ ಆದಮೇಲೂ ನೋವು ಉಳಿದು, ಡಾಕ್ಟರ್ ಪೋಸ್ಟ್‌ಲ್ಯಾಮಿನೆಕ್ಟಮಿ ಸಿಂಡ್ರೋಮ್ ಎಂದಿದ್ದರೆ ಎಂ96.1. ಸಿಆರ್‌ಪಿಎಸ್ (ಕೈ ಅಥವಾ ಕಾಲಿನಲ್ಲಿ ಉಳಿಯುವ ತೀವ್ರ ನೋವಿನ ಕಾಯಿಲೆ) ಟೈಪ್ 1 ಆದರೆ ಕೈಯೋ ಕಾಲೋ, ಯಾವ ಕಡೆ ಅಂತ ಗೊತ್ತಿರಬೇಕು; ಬಲಗಾಲಾದರೆ ಜಿ90.521. ಜಿ89.4 ಹಾಕಲು ಡಾಕ್ಟರ್ 'ಕ್ರಾನಿಕ್ ಪೇನ್ ಸಿಂಡ್ರೋಮ್' ಅಂತಲೇ ಬರೆದಿರಬೇಕು, ಬರೀ 'ಕ್ರಾನಿಕ್ ಪೇನ್' ಸಾಲದು. ಬ್ಯಾಟರಿ ಆಯುಸ್ಸು ಮುಗಿದು ಬದಲಿಸಿದರೆ ಜಡ್45.42, ಅದನ್ನು ಡಿವೈಸ್ ಕೆಟ್ಟಿದೆ ಅಂತ ಟಿ85ಕ್ಕೆ ತಳ್ಳಬೇಡಿ.